ಮುಖಪುಟದಲ್ಲಿ ಬರೀ ಮುಖ

ನಮ್ಮ ಕ್ಷೇತ್ರದ ಅಣ್ಣನವರು ವೆಬ್‌ಸೈಟ್ ಮಾಡಿಸಿದ್ದಾರೆ. ಯಾವ ಕ್ಷೇತ್ರ, ಯಾವ ಪಕ್ಷ ಎಂದು ಕೇಳಬೇಡಿ. ರಾಜ್ಯದ 224 ಕ್ಷೇತ್ರಗಳಲ್ಲಿ ಎಲ್ಲಿಗೆ ಬೇಕಾದರೂ ಒಯ್ಯಿರಿ, ಬಾವುಟದ ಬಣ್ಣ ಬದಲಿಸಿದರೆ ಸರಿಹೋಗುತ್ತದೆ.

ತೆರೆದ ಕೂಡಲೇ ಹಾಡು. ನಿಲ್ಲಿಸಲು ಗುಂಡಿ ಇಲ್ಲ. ಹಾಡಿನ ಬೆನ್ನಿಗೇ ಫೋಟೊಗಳ ಮೆರವಣಿಗೆ: ಕೆಸರುಗದ್ದೆಯಲ್ಲಿ ನೇಗಿಲು ಹಿಡಿದ ಅಣ್ಣ (ಪಂಚೆಗೆ ಒಂದು ಹನಿ ಕೆಸರಿಲ್ಲ), ಅಜ್ಜಿಯ ಕಣ್ಣೊರೆಸುವ ಅಣ್ಣ (ಇಬ್ಬರೂ ನೋಡುತ್ತಿರುವುದು ಕ್ಯಾಮೆರಾವನ್ನು). ಮೇಲುಗಡೆ ನಾಯಕರ ದುಂಡನೆಯ ಫೋಟೊಗಳ ಸಾಲು. ಇಡೀ ತಾಣದಲ್ಲಿ ಅಳೆದು ಸುರಿದು ಮಾಡಿದ ಕೆಲಸವೆಂದರೆ ಇದೊಂದೇ. ದೆಹಲಿಯವರು ದೊಡ್ಡವರು, ಬೆಂಗಳೂರಿನವರು ಮಧ್ಯಮ, ಜಿಲ್ಲಾಧ್ಯಕ್ಷರು ಗುಂಡುಸೂಜಿಯ ತಲೆಯಷ್ಟು. ಟಿಕೆಟ್ ಎಲ್ಲಿಂದ ಬಂತೆಂದು ತಿಳಿಯಲು ಬೇರೆ ಸಂಶೋಧನೆ ಬೇಕಿಲ್ಲ.

ಕನ್ನಡಾಭಿಮಾನಕ್ಕೂ ಕೊರತೆಯಿಲ್ಲ. ಅಣ್ಣನ ಸಂದೇಶವನ್ನು ಯಾರೋ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ, ಯೂನಿಕೋಡ್‌ಗೆ ಬದಲಿಸದೆ ಹಾಗೇ ಅಂಟಿಸಿದ್ದಾರೆ. ಪರದೆಯ ಮೇಲೆ ಮೂಡಿರುವುದು ತಲೆಗೆ ಚುಕ್ಕೆ, ಟೋಪಿ ಹೊತ್ತ ಲ್ಯಾಟಿನ್ ಅಕ್ಷರಗಳು. ಒಂದು ಪದವೂ ಅರ್ಥವಾಗುವುದಿಲ್ಲ. ಅಣ್ಣನ ಭಾಷಣ ಕೇಳಿದವರು ಮಾತ್ರ ಇದು ಅವರದೇ ಎಂದು ಗುರುತು ಹಿಡಿಯಬಲ್ಲರು.

‘ಸಾಧನೆಗಳು’ ಒತ್ತಿದೆ. ‘ಈ ಪುಟ ನಿರ್ಮಾಣ ಹಂತದಲ್ಲಿದೆ’ ಎಂದಿತು. ಪ್ರಾಮಾಣಿಕತೆಗೆ ಪೂರ್ತಿ ಅಂಕ. ‘ಅಹವಾಲು ಸಲ್ಲಿಸಿ’ ಒತ್ತಿದೆ. ಹೆಸರು, ಮೊಬೈಲ್ ನಂಬರ್, ಮತಗಟ್ಟೆ, ಮನೆಯಲ್ಲಿ ಎಷ್ಟು ಓಟು, ಎಲ್ಲವನ್ನೂ ತುಂಬಲೇಬೇಕು. ಅಹವಾಲು ಬರೆಯುವ ಜಾಗ ಖಾಲಿ ಬಿಟ್ಟರೂ ನಡೆಯುತ್ತದೆ. ಕಳುಹಿಸಿದ್ದೇ ತಡ, ವಾಟ್ಸಾಪ್ ಗುಂಪೊಂದಕ್ಕೆ ಸೇರಿಸಿ ಅಣ್ಣ ಶುಭೋದಯ ಹೇಳಿದರು. ತಾಣ ಕೆಟ್ಟದಾಗಿದೆ ಎನ್ನುವ ಡಿಸೈನರ್‌ಗಳು ಇಲ್ಲಿ ತೆಪ್ಪಗಾಗಬೇಕು. ನಮ್ಮಿಂದ ಅವರಿಗೆ ಬೇಕಾದದ್ದು ಒಂದೇ ಒತ್ತಿಗೆ ಹೋಗುತ್ತದೆ. ಅವರಿಂದ ನಮಗೆ ಬೇಕಾದದ್ದಕ್ಕೆ ಗುಂಡಿಯನ್ನೇ ಇಟ್ಟಿಲ್ಲ.

ಉದಾಹರಣೆಗೆ, ಮೊಕದ್ದಮೆಗಳು. ಇವಕ್ಕೊಂದು ಗುಂಡಿ ಇಡಿಸಲು ಸುಪ್ರೀಂ ಕೋರ್ಟೇ ಬರಬೇಕಾಯಿತು. ಕ್ರಿಮಿನಲ್ ಕೇಸಿರುವವರನ್ನು ಯಾಕೆ ಆರಿಸಿದಿರಿ, ಕೇಸಿಲ್ಲದವರು ಯಾಕೆ ಸಿಗಲಿಲ್ಲ ಎಂಬುದನ್ನು ವೆಬ್‌ಸೈಟಿನಲ್ಲಿ ಹಾಕಿ, ‘ಗೆಲ್ಲುತ್ತಾರೆ’ ಎಂಬುದೊಂದೇ ಕಾರಣವಾದರೆ ಸಾಲದು ಎಂದು 2020ರ ಫೆಬ್ರುವರಿಯಲ್ಲಿ ಅದು ಪಕ್ಷಗಳಿಗೆ ಆದೇಶಿಸಿತು. ಅದೇ ವರ್ಷದ ಬಿಹಾರ ಚುನಾವಣೆಯಲ್ಲಿ ಆದೇಶ ಪಾಲಿಸದ್ದಕ್ಕೆ 2021ರ ಆಗಸ್ಟ್‌ನಲ್ಲಿ 8 ಪಕ್ಷಗಳಿಗೆ ದಂಡ ಬಿತ್ತು. 6 ಪಕ್ಷಗಳಿಗೆ ತಲಾ 1 ಲಕ್ಷ, ಉಳಿದೆರಡಕ್ಕೆ ತಲಾ 5 ಲಕ್ಷ. ನಮ್ಮಲ್ಲಿ ಒಬ್ಬ ವಿಧಾನಸಭಾ ಅಭ್ಯರ್ಥಿ ಲೆಕ್ಕ ತೋರಿಸಿ ಖರ್ಚು ಮಾಡಬಹುದಾದದ್ದೇ 40 ಲಕ್ಷ. ಪಕ್ಷಗಳು ಎಷ್ಟು ನಡುಗಿದವೆಂದು ನೀವೇ ಊಹಿಸಿ. ದಂಡ ಹಾಕಿದ ಅದೇ ತೀರ್ಪಿನಲ್ಲಿ ನ್ಯಾಯಾಲಯ, ಈ ವಿವರ ಮುಖಪುಟದಲ್ಲೇ ಇರಬೇಕು, ‘ಕ್ರಿಮಿನಲ್ ಹಿನ್ನೆಲೆಯ ಅಭ್ಯರ್ಥಿಗಳು’ ಎಂಬ ಶೀರ್ಷಿಕೆ ಕಾಣಬೇಕು ಎಂದೂ ಹೇಳಿತು. ವೆಬ್‌ಸೈಟಿನ ಮೂಲೆಯಲ್ಲಿ ಯಾವ ಕೊಂಡಿ ಎಲ್ಲಿರಬೇಕೆಂದು ದೇಶದ ಸರ್ವೋಚ್ಚ ನ್ಯಾಯಾಲಯ ವಿಚಾರಣೆ ನಡೆಸಿ ಹೇಳಬೇಕಾಯಿತು! ಪಕ್ಷಗಳು ಕೊಡುವ ಕಾರಣಗಳೂ ಓದಲು ಚೆನ್ನ: ಇವರು ಜನಪ್ರಿಯರು, ಸಮಾಜಸೇವಕರು, ಕೇಸುಗಳೆಲ್ಲ ರಾಜಕೀಯ ಪ್ರೇರಿತ.

ಆದೇಶವೇನೋ ಪಕ್ಷದ ತಾಣಕ್ಕೆ. ಅಣ್ಣನ ಸ್ವಂತ ತಾಣದಲ್ಲಿ ಹಾಡು ಕೇಳಿಕೊಂಡಿರಬಹುದು, ಅದೂ ಫಲಿತಾಂಶದವರೆಗೆ. ಆಮೇಲೆ ವಿಳಾಸದ ವಾರ್ಷಿಕ ಬಾಡಿಗೆ ಕಟ್ಟುವವರಿಲ್ಲದೆ ಅದು ಆನ್‌ಲೈನ್ ರಮ್ಮಿಯವರ ಪಾಲಾದರೂ ಆಶ್ಚರ್ಯವಿಲ್ಲ.

ಅಷ್ಟರೊಳಗೆ ಚುನಾವಣಾ ಆಯೋಗದ ಆ್ಯಪ್ ಇಳಿಸಿಕೊಂಡು ಅಣ್ಣನ ಪ್ರಮಾಣಪತ್ರ ತೆರೆಯಿರಿ. ಹಾಡಿಲ್ಲ, ಮೆರವಣಿಗೆಯಿಲ್ಲ, ಸ್ಕ್ಯಾನ್ ಮಾಡಿದ ಹಾಳೆಗಳನ್ನು ಓದಲು ಕಣ್ಣು ಕಿರಿದು ಮಾಡಬೇಕು. ಕೇಸು, ಆಸ್ತಿ, ಸಾಲ ಎಲ್ಲವೂ ಆ ನಮೂನೆ 26ರಲ್ಲಿ, ಅಣ್ಣನ ಸಹಿಯೊಂದಿಗೆ ಇರುತ್ತವೆ.