ಕರ್ಲಿಂಗ್ ಶಿಲೆಯೊಡನೆ ಒಂದು ಸಂವಾದ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆಯ ಏಲ್ಸಾ ಕ್ರೇಗ್ ದ್ವೀಪದಲ್ಲಿ ಜನಿಸಿ, ದುಂಡಗೆ ಕಡೆಯಲ್ಪಟ್ಟು, ನೆತ್ತಿಯ ಮೇಲೆ ಹಳದಿ ಹಿಡಿಯನ್ನು ಧರಿಸಿ, 20 ಕಿಲೋಗ್ರಾಮಿಗೆ ತುಸುವೇ ಕಡಿಮೆ ತೂಗುವ ಕರ್ಲಿಂಗ್ ಶಿಲೆಯು, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟದಲ್ಲಿ ಸ್ವಿಟ್ಜರ್ಲೆಂಡಿನ ತಂಡವನ್ನು ಮುನ್ನಡೆಸಿದ ಸಿಲ್ವಾನಾ ತಿರಿನ್ಜೋನಿಯವರ ಕ್ರೀಡಾಜೀವನವನ್ನು ಕುರಿತು ನಾಲ್ಕು ಮಾತನಾಡಲು ಸಮ್ಮತಿಸಿತು. ಆಸೀನರಾಗಬೇಕೆಂಬ ಉಪಚಾರಕ್ಕೆ ಎಡೆಯಿರಲಿಲ್ಲ. ಅದು ಆಗಲೇ ಕುಳಿತಿತ್ತು.

ಪ್ರಶ್ನೆ: 2019, 2021, 2022, 2023ರಲ್ಲಿ ವಿಶ್ವಕಿರೀಟ, 2020ರಲ್ಲಿ ಪಂದ್ಯಾವಳಿಯೇ ನಡೆಯಲಿಲ್ಲ. ಈ ವಿಜಯಪರಂಪರೆಯಲ್ಲಿ ತಮ್ಮ ಪಾತ್ರವೇನು?

ಶಿಲೆ: ಜಾರಿದೆ. ಮಂಜುಗಡ್ಡೆಯ ಮೇಲೆ ಹನಿ ಚಿಮುಕಿಸಿ ಎಬ್ಬಿಸಿದ ಸಣ್ಣ ಉಬ್ಬುಗಳ ಮೇಲೆ ನಾನು ಮೆಲ್ಲನೆ ತಿರುಗುತ್ತ ಸಾಗುವಾಗ, ಮುಂದೆ ಇಬ್ಬರು ಪೊರಕೆಯಿಂದ ಬಲವಾಗಿ ಉಜ್ಜಿದರೆ ದೂರ ಹೋಗುತ್ತೇನೆ, ಬಾಗುವುದು ಕಡಿಮೆ. ಮೊದಲ ಮೂರು ಕಿರೀಟಗಳಿಗಾಗಿ ಹಾಗೆ ಉಜ್ಜಿದ ಎಸ್ತರ್ ನೊಯೆನ್‌ಶ್ವಾಂಡರ್, ಮೆಲನಿ ಬಾರ್ಬೆಝಾ ಅವರನ್ನು ಕುರಿತು ತಾವು ಇನ್ನೂ ಕೇಳಿಲ್ಲ. ಗುಡಿಸುವವರ ಸಂದರ್ಶನ ಮಾಡುವ ಪದ್ಧತಿ ತಮ್ಮಲ್ಲಿ ಇಲ್ಲವೆಂದು ತೋರುತ್ತದೆ.

ಪ್ರಶ್ನೆ: 2022ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಪ್ರಾಥಮಿಕ ಸುತ್ತಿನ 9 ಪಂದ್ಯಗಳಲ್ಲಿ 8ನ್ನು ಗೆದ್ದೂ ಪದಕ ದೊರೆಯಲಿಲ್ಲವಲ್ಲ?

ಶಿಲೆ: ಉಪಾಂತ್ಯದಲ್ಲಿ ಜಪಾನಿಗೆ, ಕಂಚಿಗಾಗಿ ಸ್ವೀಡನ್ನಿಗೆ ಸೋತು ನಾಲ್ಕನೆಯವರಾದರು, ಮರುತಿಂಗಳೇ ಕೆನಡಾದ ಪ್ರಿನ್ಸ್ ಜಾರ್ಜಿನಲ್ಲಿ ನಡೆದ ವಿಶ್ವಪಂದ್ಯಾವಳಿಯಲ್ಲಿ ಒಂದನ್ನೂ ಸೋಲದೆ 14 ಪಂದ್ಯಗಳನ್ನು ಗೆದ್ದರು. ಕೈ ಅದೇ, ಕಣ್ಣು ಅದೇ. ಕಾರಣವನ್ನು ವರ್ತಮಾನಪತ್ರಗಳವರೇ ಬಲ್ಲರು. ಪಂದ್ಯ ಮುಗಿದ ಬಳಿಕ ಅವರಿಗೆ ತಿಳಿಯದುದು ಯಾವುದೂ ಉಳಿಯುವುದಿಲ್ಲ.

ಪ್ರಶ್ನೆ: ಹಾಗಾದರೆ ನಾಯಕಿಯ ಹಿರಿಮೆ?

ಶಿಲೆ: ತಂಡದ ಸ್ಕಿಪ್, ಎಂದರೆ ನಾಯಕರು, ಆದವರು ಕಟ್ಟಕಡೆಯ ಕಲ್ಲನ್ನು ತಾವೇ ಎಸೆಯುವುದು ಈ ಆಟದ ರೂಢಿ. ಈಕೆಯಾದರೋ, ವ್ಯೂಹವನ್ನು ತಾವು ನಿರ್ಣಯಿಸುತ್ತ, 2015ರಲ್ಲಿಯೇ ಸ್ವತಃ ನಾಯಕಿಯಾಗಿ ಜಗತ್ತನ್ನು ಗೆದ್ದಿದ್ದ ಆಲಿನಾ ಪೆಟ್ಸ್ ಅವರ ಕೈಗೆ ಆ ಕಲ್ಲನ್ನು ಒಪ್ಪಿಸಿ, ತಾವು ಮೂರನೆಯ ಸರದಿಗೆ ಸರಿದರು. ವಂದನಾರ್ಪಣೆಯನ್ನೂ ಅಧ್ಯಕ್ಷರೇ ಮಾಡಿ ಮುಗಿಸುವ ಸಭೆಗಳಿಂದ ಬಂದ ತಮಗೆ ಇದು ಸುಲಭವಾಗಿ ಅರ್ಥವಾಗಲಾರದು.

ಪ್ರಶ್ನೆ: ಬಿಟ್ಟುಕೊಡುವುದಕ್ಕೆ ಅಭ್ಯಾಸ ಬೇಕಲ್ಲವೆ?

ಶಿಲೆ: ನಮ್ಮಲ್ಲಿ ಅದಕ್ಕೊಂದು ಯಂತ್ರವೇ ಉಂಟು. ನಿಗದಿಯಾದ ಗೆರೆಗೆ ಮೊದಲೇ ಕೈ ಬಿಡಬೇಕು. ದಾಟಿದ ಮೇಲೂ ಹಿಡಿದಿದ್ದರೆ ಹಿಡಿಯಲ್ಲಿ ಕೆಂಪು ದೀಪ ಹೊತ್ತಿ ನನ್ನನ್ನು ಕಣದಿಂದಲೇ ತೆಗೆಯುತ್ತಾರೆ.

ಇಂಥ ದೀಪವನ್ನು ಕುರ್ಚಿಗಳಿಗೂ ಅಳವಡಿಸಬಹುದೇ ಎಂದು ವಿಚಾರಿಸಿದೆ. ಅರ್ಜಿ ಈವರೆಗೆ ಬಂದಿಲ್ಲವೆಂದಿತು.