ವಿಚಾರಿಸದೆ ಹೆಜ್ಜೆಯಿಡದ ರಾಯರು

ಊರಿನ ಅಂಚಿನಲ್ಲಿ ಹೊಸ ಬಡಾವಣೆಯೊಂದು ಹುಟ್ಟಿಕೊಂಡು, ಸೈಟುಗಳಿಗೆ ಕಲ್ಲು ನೆಟ್ಟು, ಬೀದಿಗಳಿಗೆ ಮಹಾಪುರುಷರ ಹೆಸರನ್ನಿಟ್ಟು, ಮೋರಿಯ ವಿಷಯವನ್ನು ಮಾತ್ರ ಮುಂದಿನ ವರ್ಷದ ಆಯವ್ಯಯಕ್ಕೆ ಬಿಟ್ಟಮೇಲೆ, ಅಲ್ಲಿಗೆ ಮೊದಲು ಬರುವವರು ಮೇಸ್ತ್ರಿಗಳಾದರೆ, ಅವರ ಬೆನ್ನಹಿಂದೆಯೇ ತಪ್ಪದೆ ಬಂದು ಸೇರುವವರು ನಮ್ಮ ರಾಯರಂಥವರು. ಮೈಸೂರಿನ ಹೊರವಲಯದ ಯಾವ ಬಡಾವಣೆಯಲ್ಲಿ ಹುಡುಕಿದರೂ ಇಂಥ ರಾಯರೊಬ್ಬರು ನಿವೃತ್ತಿವೇತನ, ಉಣ್ಣೆಯ ಮಫ್ಲರು, ಉದ್ದನೆಯ ಲೆಕ್ಕದ ಪುಸ್ತಕ ಇವುಗಳಿಂದ ಸಮಲಂಕೃತರಾಗಿ ಸಿಕ್ಕೇ ಸಿಗುತ್ತಾರೆ. ವಿಚಾರಿಸದೆ ಹೆಜ್ಜೆಯಿಡಬಾರದೆಂಬುದು ಅವರ ಜೀವನಸೂತ್ರ. ಅದನ್ನು ಅವರು ಪಾಲಿಸುವ ನಿಷ್ಠೆ ಎಷ್ಟರಮಟ್ಟಿನದೆಂದರೆ, ವಿಚಾರಣೆಯು ಮುಗಿಯುವ ವೇಳೆಗೆ ಹೆಜ್ಜೆಯಿಡಬೇಕಾಗಿದ್ದುದು ಯಾವ ಕಡೆಗೆಂಬುದೇ ಮರೆತುಹೋಗಿರುತ್ತದೆ.

ರಾಯರ ಮನೆ ಪೂರ್ಣವಾಗಿ, ಗೃಹಪ್ರವೇಶವೂ ಸಾಂಗವಾಗಿ ನೆರವೇರಿದ್ದಿತು. ಕೊರತೆಯಾಗಿ ಉಳಿದಿದ್ದುದು ಕಾಯಂ ವಿದ್ಯುತ್ ಸಂಪರ್ಕವೊಂದೇ. ಕಟ್ಟಡದ ಕೆಲಸಕ್ಕೆಂದು ಪಡೆದಿದ್ದ ತಾತ್ಕಾಲಿಕ ಸಂಪರ್ಕದ ತಂತಿಯು ಖಾಲಿ ಸೈಟುಗಳಲ್ಲಿ ನೆಟ್ಟಿದ್ದ ಗಳುಗಳನ್ನು ಏರಿ ಇಳಿದು ಬಂದು ಹೇಗೋ ಮನೆಯ ದೀಪಗಳನ್ನು ಬೆಳಗುತ್ತಿದ್ದಿತಾದರೂ, ಅದರ ದರವು ಗೃಹಬಳಕೆಯ ದರಕ್ಕಿಂತ ಬಹಳ ಮೇಲಿನದು. ಸಾಲದುದಕ್ಕೆ, 2023ರಿಂದ ಬೀದಿಯ ಉಳಿದ ಮನೆಗಳೆಲ್ಲ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಫಲವನ್ನು ಉಣ್ಣುತ್ತಿರುವಾಗ, ತಾತ್ಕಾಲಿಕ ಸಂಪರ್ಕದವರಿಗೆ ಆ ಪಂಕ್ತಿಯಲ್ಲಿ ಎಲೆಯಿಲ್ಲ. ಕಾಯಂ ಸಂಪರ್ಕ ಬೇಕಾದರೆ ಬೀದಿಯ ಕೊನೆಯ ಕಂಬದಿಂದ ಈಚೆಗೆ ಇನ್ನೂ ಎರಡು ಕಂಬಗಳನ್ನು ನೆಟ್ಟು ತಂತಿಯೆಳೆಯಬೇಕು. ಇದಕ್ಕೆ ಮಾರ್ಗಗಳು ಎರಡು: ಅಂದಾಜಿನ ಹಣವನ್ನೆಲ್ಲ ವಿದ್ಯುತ್ ನಿಗಮಕ್ಕೆ ಕಟ್ಟಿ ಕಾಮಗಾರಿಯನ್ನು ಅವರಿಗೇ ಬಿಡುವುದು, ಇಲ್ಲವೆ, ನಿಗಮಕ್ಕೆ ಮೇಲ್ವಿಚಾರಣೆಯ ಶುಲ್ಕವನ್ನು ತೆತ್ತು, ಲೈಸೆನ್ಸುಳ್ಳ ಸ್ವತಂತ್ರ ಗುತ್ತಿಗೆದಾರನಿಂದ ಸ್ವಂತ ಖರ್ಚಿನಲ್ಲಿ ಮಾಡಿಸಿಕೊಂಡು, ಪರೀಕ್ಷೆಯಾದ ತರುವಾಯ ಕಂಬ ತಂತಿಗಳನ್ನು ನಿಗಮಕ್ಕೆ ಒಪ್ಪಿಸಿಬಿಡುವುದು. ವಿಚಾರಣೆಗೆ ಅವಕಾಶವಿರುವ ಎರಡನೆಯ ಮಾರ್ಗವನ್ನೇ ರಾಯರು ಹಿಡಿದರೆಂಬುದನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ತಮ್ಮ ದುಡ್ಡಿನ ಕಂಬಗಳು ತಮ್ಮವಾಗಿ ಉಳಿಯವೆಂದು ತಿಳಿದಾಗ ಮಾತ್ರ ಅವರಿಗೆ ತುಸು ಖೇದವಾಯಿತು. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರನ್ನು ಬರೆಯಿಸುವ ಹಾಗೆ ಕಂಬದ ಮೇಲೂ ಬರೆಯಿಸಬಹುದೇ ಎಂದು ಸೆಕ್ಷನ್ ಆಫೀಸರನ್ನು ಕೇಳಿದರು. ಕಂಬಕ್ಕೆ ಹಾಕಲು ಇಲಾಖೆ ಒಪ್ಪುವ ಚಿತ್ರ ಒಂದೇ, ಅದು ತಲೆಬುರುಡೆಯದೆಂದು ಆ ಅಧಿಕಾರಿಗಳು ವಿನಯದಿಂದ ತಿಳಿಸಿದರು.

2003ರ ವಿದ್ಯುಚ್ಛಕ್ತಿ ಕಾಯಿದೆಯು, ಅರ್ಜಿ ಕೊಟ್ಟ ಗೃಹಸ್ಥನಿಗೆ ವಿದ್ಯುತ್ತನ್ನು ಒದಗಿಸುವುದು ಸರಬರಾಜುದಾರನ ಕರ್ತವ್ಯವೆಂದು ವಿಧಿಸಿದೆ. 2020ರ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ತಿದ್ದುಪಡಿಯಾದಮೇಲೆ, ಅರ್ಜಿ ಸರ್ವಾಂಗಸಂಪೂರ್ಣವಾಗಿದ್ದರೆ ಮಹಾನಗರದಲ್ಲಿ 3 ದಿನ, ಇತರ ಪಟ್ಟಣಗಳಲ್ಲಿ 7 ದಿನ, ಹಳ್ಳಿಗಳಲ್ಲಿ 15 ದಿನಗಳೊಳಗಾಗಿ ಸಂಪರ್ಕ ಕೊಡತಕ್ಕದ್ದೆಂದು ಗಡುವು ಬಿದ್ದಿದೆ. ಹೊಸದಾಗಿ ಲೈನು ಎಳೆಯಬೇಕಾದ ಕಡೆ ಮಾತ್ರ ಹೆಚ್ಚಿನ ಕಾಲಾವಕಾಶವುಂಟು. ಇಷ್ಟೆಲ್ಲವನ್ನೂ ಯೋಚಿಸಿದ ಸರ್ಕಾರಕ್ಕೆ, ಗ್ರಾಹಕನು ತನ್ನ ಗುತ್ತಿಗೆದಾರನನ್ನು ಎಷ್ಟು ದಿನಗಳೊಳಗೆ ಆರಿಸತಕ್ಕದ್ದೆಂಬ ಒಂದಂಶ ಹೊಳೆಯದೆ ಹೋಯಿತು. ನಿಯಮಾವಳಿಯ ಆ ಒಂದು ಸಂದಿಯಲ್ಲಿ ರಾಯರು ಆರಾಮಕುರ್ಚಿಯನ್ನು ಹಾಕಿಸಿಕೊಂಡು ಕುಳಿತರು.

ಅವಸರಪಡಿಸಿದವರಿಗೆ ಅವರು ಶಿವನಸಮುದ್ರದ ದೃಷ್ಟಾಂತವನ್ನು ಕೊಡುತ್ತಿದ್ದರು. ಕಾವೇರಿಯ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ, ಸುಮಾರು 92 ಮೈಲಿಗಳ ದೂರ, ವಿದ್ಯುತ್ತನ್ನು ಸಾಗಿಸಬೇಕೆಂದು ಸಂಕಲ್ಪಿಸಿದ ಮೈಸೂರು ಸಂಸ್ಥಾನವು ಎದುರಿಗೆ ಸಿಕ್ಕಿದವರಿಗೆ ಕೆಲಸವನ್ನು ವಹಿಸಿಬಿಡಲಿಲ್ಲ. ತನ್ನ ಎಂಜಿನಿಯರಾದ ಜೋಲಿ ದ ಲಾಟ್ಬಿನಿಯೇರ್ ಅವರನ್ನು ಸಮುದ್ರದಾಚೆಗೆ ಕಳುಹಿಸಿ, ವಿದ್ಯುದ್ಯಂತ್ರಗಳಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯನ್ನೂ, ಜಲಚಕ್ರಗಳಿಗೆ ಸ್ವಿಟ್ಸರ್ಲೆಂಡಿನ ಎಷರ್ ವಿಸ್ ಕಂಪನಿಯನ್ನೂ ಗೊತ್ತುಮಾಡಿಕೊಂಡಿತು. 1902ರಲ್ಲಿ ಗಣಿಗೆ ಶಕ್ತಿಯೂ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕೂ ಬಂದುವು. “ಸಂಸ್ಥಾನದವರೇ ಸೀಮೆಗೆ ಹೋಗಿ ವಿಚಾರಿಸಿಕೊಂಡು ಬಂದರು, ನಾನು ನಂಜನಗೂಡಿನವರೆಗಾದರೂ ಹೋಗಿಬರಬಾರದೇ?” ಎಂಬುದು ರಾಯರ ವಾದ. ಸಂಸ್ಥಾನವು 92 ಮೈಲಿಗಳಿಗೆ ತೆಗೆದುಕೊಂಡ ಕಾಲದ ಲೆಕ್ಕದಲ್ಲಿ ಎರಡು ಕಂಬಗಳಿಗೆ ಒಂದು ಅಪರಾಹ್ನವೇ ಧಾರಾಳವೆಂದು ಅವರ ಮುಂದೆ ಆಡುವ ಎದೆಗಾರಿಕೆ ಯಾರಿಗೂ ಇರಲಿಲ್ಲ.

ಗುತ್ತಿಗೆದಾರರು ಒಬ್ಬೊಬ್ಬರಾಗಿ ಬಂದರು. ಬಂದವರಿಗೆಲ್ಲ ಕಾಫಿಯೂ, ಕಾಫಿಯ ಜತೆಗೆ ಸಂದರ್ಶನವೂ ತಪ್ಪದೆ ನಡೆಯಿತು. “ತಮ್ಮ ಊರು ಯಾವುದಾಯಿತು? ಕೆ.ಆರ್. ನಗರವೇ? ಹಾಗಾದರೆ ಅಲ್ಲಿ ಹೆಡ್‌ಮಾಸ್ತರರಾಗಿದ್ದ ನಮ್ಮ ಷಡ್ಡಕರು ತಮಗೆ ಗೊತ್ತಿರಲೇಬೇಕು” ಎಂದು ಆರಂಭವಾಗುತ್ತಿದ್ದ ಆ ಸಂಭಾಷಣೆಯು, ಮಾವನ ಮನೆ, ಮಕ್ಕಳ ಓದು, ಆ ವರ್ಷದ ಮಳೆ ಇವುಗಳನ್ನೆಲ್ಲ ಬಳಸಿಕೊಂಡು ಬರುವ ವೇಳೆಗೆ ಲೆಕ್ಕದ ಪುಸ್ತಕದ ಒಂದು ಪುಟ ತುಂಬಿರುತ್ತಿದ್ದಿತು. ಆದರೆ, ವಿದ್ಯುತ್ ಪರಿವೀಕ್ಷಣಾಲಯವು ಕೊಟ್ಟ ಲೈಸೆನ್ಸು ಯಾವ ದರ್ಜೆಯದು, ಅದರ ನವೀಕರಣ ಯಾವ ತಾರೀಖಿನವರೆಗೆ ಇದೆ, ಕಂಬ ಹತ್ತುವವನಿಗೆ ಪರ್ಮಿಟ್ಟು ಉಂಟೇ, ಸಾಮಗ್ರಿಗಳು ನಿಗಮವು ಒಪ್ಪಿದ ತಯಾರಕರವೇ, ಕೆಲಸ ಮುಗಿದಮೇಲೆ ಕಂಪ್ಲೀಷನ್ ರಿಪೋರ್ಟಿಗೆ ಸಹಿ ಹಾಕುವವರು ಯಾರು ಎಂಬ ಶುಷ್ಕ ಪ್ರಶ್ನೆಗಳಿಂದ ಅತಿಥಿಗಳ ಮನಸ್ಸನ್ನು ನೋಯಿಸುವುದು ರಾಯರ ಸ್ವಭಾವದಲ್ಲಿಯೇ ಇರಲಿಲ್ಲ.

ಕಟ್ಟಕಡೆಗೆ ಮೂವರು ಉಳಿದರು. ಮೊದಲನೆಯವರು ಗಾಜಿನ ಬಾಗಿಲಿನ ಕಚೇರಿಯುಳ್ಳವರು. ಅವರ ಕೊಟೇಷನ್ನಿನಲ್ಲಿ ಬಣ್ಣದ ಲಾಂಛನವೂ, ಅದರ ಕೆಳಗೆ ಒಂದೇ ಒಂದು ಮೊತ್ತವೂ ಇದ್ದು, ನಡುವೆ ವಿವರವೆಂಬುದು ಏನೂ ಇರಲಿಲ್ಲ. ಎರಡನೆಯವರು ಮಿತಭಾಷಿಗಳು, ಊರಿನ ಮಾತಿಗೆ ಉತ್ತರ ಕೊಡದೆ, ನೇರವಾಗಿ ಬೀದಿಗೆ ಹೋಗಿ ಟೇಪು ಹಿಡಿದು ದೂರವನ್ನು ಅಳೆದು, “ಮೋಟರು ಎಷ್ಟು ಎಚ್.ಪಿ.? ಗೀಸರು ಎಷ್ಟು?” ಎಂದು ತಾವೇ ರಾಯರನ್ನು ಪ್ರಶ್ನಿಸಿ, ಕಂಬ, ಕ್ರಾಸ್ ಆರ್ಮ್, ಇನ್ಸುಲೇಟರು, ತಂತಿ, ಅರ್ತಿಂಗು, ಕೂಲಿ, ಶುಲ್ಕ ಎಂದು ಒಂದೊಂದಕ್ಕೂ ಬೇರೆ ಬೇರೆ ದರವನ್ನು ಬರೆದುಕೊಟ್ಟರು. ಮೂರನೆಯವರ ಬಳಿ ಕಾಗದವೇ ಇರಲಿಲ್ಲ, ಎರಡು ಮೊಬೈಲುಗಳೂ, ಯಾವ ಪ್ರಶ್ನೆಗೂ ಸಲ್ಲುವ ಒಂದು ಉತ್ತರವೂ ಇದ್ದುವು: “ಎಲ್ಲಾ ನನಗೆ ಬಿಡಿ ಸಾರ್.”

ವಿವರವನ್ನು ಬರೆದುಕೊಟ್ಟವರೇ ಸಹಜವಾಗಿ ವಿಮರ್ಶೆಗೆ ಗುರಿಯಾದರು. ತಂತಿಯ ಎದುರಿಗೆ ‘ರ‍್ಯಾಬಿಟ್’ ಎಂದಿದ್ದುದನ್ನು ಕಂಡು ರಾಯರ ಕನ್ನಡಕ ಹಣೆಗೇರಿತು.

“ಇದೇನು, ಮೊಲ?”

“ತಂತಿಯ ಸೈಜಿನ ಹೆಸರು ಸಾರ್. ಅಳಿಲು, ಮೊಲ, ನಾಯಿ, ಹೀಗೆ ಇಂಗ್ಲಿಷಿನಲ್ಲಿ ಒಂದೊಂದಕ್ಕೆ ಒಂದೊಂದು ಪ್ರಾಣಿಯ ಹೆಸರು.”

“ಹಾಗಾದರೆ ಅಳಿಲಿನಲ್ಲೇ ಮುಗಿಸಬಾರದೇ? ಅಗ್ಗವಾದೀತು.”

“ಅದು ಸಣ್ಣದು ಸಾರ್. ಎಸ್ಟಿಮೇಟಿನಲ್ಲಿ ಇರುವುದನ್ನೇ ಎಳೆಯಬೇಕು.”

ಅಲ್ಲಿಂದ ಅವರ ದೃಷ್ಟಿ ಅರ್ತಿಂಗಿನ ಗುಂಡಿಗೆ ಇಳಿಯಿತು. ನೆಲದಲ್ಲಿ ಜಿ.ಐ. ಕೊಳವೆಯನ್ನು ಹೂಳಿ, ಸುತ್ತಲೂ ಇದ್ದಲು ಉಪ್ಪುಗಳನ್ನು ಒಂದು ಪದರದ ಮೇಲೊಂದರಂತೆ ತುಂಬಿ, ನೀರು ಹೊಯ್ಯುತ್ತ ತೇವವನ್ನು ಕಾಪಾಡುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಮನೆಯಲ್ಲಿ ವಿದ್ಯುತ್ತು ಸೋರಿದಾಗ ಅದು ಮನುಷ್ಯನ ಮೈಯನ್ನು ಹಾಯದೆ ಭೂಮಿಯನ್ನು ಸೇರಬೇಕಾದರೆ ಈ ಗುಂಡಿಯೇ ಆಧಾರ. ರಾಯರಿಗೆ ಪ್ರಾಣರಕ್ಷಣೆಯ ಅಂಶಕ್ಕಿಂತ ಇದ್ದಲಿನ ದರವು ಮುಖ್ಯವಾಗಿ ಕಂಡಿತು. ಬೀದಿಯ ಮೂಲೆಯ ಇಸ್ತ್ರಿ ಅಂಗಡಿಯವನಲ್ಲಿಗೆ ಹೋಗಿ ಇದ್ದಲಿನ ಧಾರಣೆಯನ್ನೂ, ದಿನಸಿ ಅಂಗಡಿಯಲ್ಲಿ ಕಲ್ಲುಪ್ಪಿನ ಧಾರಣೆಯನ್ನೂ ತಿಳಿದುಕೊಂಡು ಬಂದು, ಕೊಟೇಷನ್ನಿನ ಅಂಚಿನಲ್ಲಿ ಕೆಂಪು ಮಸಿಯಿಂದ ವ್ಯತ್ಯಾಸವನ್ನು ಗುರುತಿಸಿದರು. ಕೊಳವೆಯ ಬೆಲೆಯನ್ನೂ ಗುಂಡಿ ತೋಡುವವನ ಕೂಲಿಯನ್ನೂ ಆ ಲೆಕ್ಕಕ್ಕೆ ಸೇರಿಸುವುದು ಅವರಿಗೆ ಅಗತ್ಯವೆನಿಸಲಿಲ್ಲ.

ಲೋಡಿನ ವಿಚಾರದಲ್ಲಿಯೂ ಇದೇ ಮಿತವ್ಯಯ. ಮಂಜೂರಾದ ಲೋಡಿಗೆ ತಕ್ಕಂತೆ ಪ್ರತಿ ತಿಂಗಳೂ ನಿಗದಿತ ಶುಲ್ಕವನ್ನು ತೆರಬೇಕೆಂದು ತಿಳಿದೊಡನೆಯೆ, ಒಂದು ಕಿಲೋವಾಟಿನಲ್ಲಿ ಸಂಸಾರವನ್ನು ಸಾಗಿಸಬಹುದೆಂದು ಅವರು ನಿರ್ಧರಿಸಿದರು. ಒಳಗಿನಿಂದ ಮನೆಯಾಕೆಯ ಧ್ವನಿ ಕೇಳಿಸಿತು: “ಹಾಗಾದ್ರೆ ಗೀಸರ್ ಹಾಕಿದಾಗ ಮಿಕ್ಸಿ ಹಾಕೋ ಹಾಗಿಲ್ಲ, ಮಿಕ್ಸಿ ಹಾಕಿದಾಗ ಪಂಪು ಹಾಕೋ ಹಾಗಿಲ್ಲ. ನೀವು ತಣ್ಣೀರು ಸ್ನಾನ ಮಾಡ್ತೀರೋ, ಚಟ್ನಿ ಬಿಡ್ತೀರೋ, ಅದನ್ನೂ ಆ ಪುಸ್ತಕದಲ್ಲಿ ಬರೆದಿಡಿ.” ರಾಯರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಬಹಳ ಹೊತ್ತು ಯೋಚಿಸಿದರು.

ಇಷ್ಟು ಸೂಕ್ಷ್ಮವಾಗಿ ತೂಗಿ ನೋಡಿದ ಮಹಾಶಯರು ಕೊನೆಗೆ ಆರಿಸಿದ್ದು ಮೂರನೆಯವರನ್ನು. ಕಾರಣ ಸ್ಪಷ್ಟವಾಗಿಯೇ ಇದೆ: ವಿವರ ಬರೆದುಕೊಟ್ಟವರಲ್ಲಿ ಸಾಲುಸಾಲಿಗೂ ಸಂಶಯಕ್ಕೆ ಎಡೆಯುಂಟು, ಏನನ್ನೂ ಬರೆದುಕೊಡದವರಲ್ಲಿ ಸಂಶಯಪಡುವುದಾದರೂ ಯಾವುದನ್ನು? ಕಂಬಗಳೇನೋ ಬಂದು ನಿಂತುವು. ಆದರೆ ಕಂಪ್ಲೀಷನ್ ರಿಪೋರ್ಟಿನ ಘಟ್ಟದಲ್ಲಿ, ಇವರ ಲೈಸೆನ್ಸು ಇವರದಲ್ಲವೆಂಬುದೂ, ಸಹಿಯ ಒಡೆಯರು ಬೇರೊಬ್ಬರೆಂಬುದೂ, ಆ ಬೇರೊಬ್ಬರು ಮಗಳ ಬಾಣಂತನಕ್ಕೆಂದು ದೂರದೂರಿನಲ್ಲಿರುವರೆಂಬುದೂ ಒಂದರ ಹಿಂದೊಂದು ಹೊರಬಿದ್ದುವು. ಎರಡು ಮೊಬೈಲುಗಳೂ ವ್ಯಾಪ್ತಿಪ್ರದೇಶದಿಂದ ಹೊರಗೆ ಹೋದುವು.

ಏತನ್ಮಧ್ಯೆ ಹಿಂದಿನ ಬೀದಿಯಲ್ಲಿ ಮನೆ ಕಟ್ಟಿಸಿದ ಶಾಲಾ ಉಪಾಧ್ಯಾಯಿನಿಯೊಬ್ಬರು, ರಾಯರ ಪುಸ್ತಕವನ್ನು ಒಂದು ಸಂಜೆಯ ಮಟ್ಟಿಗೆ ಎರವಲು ಪಡೆದು, ಎಲ್ಲರ ವಂಶಾವಳಿಯನ್ನೂ ದಾಟಿ ಬಂದು, ಎರಡನೆಯವರ ದರಪಟ್ಟಿಯನ್ನು ಮಾತ್ರ ಓದಿ, ಅವರ ಲೈಸೆನ್ಸಿನ ತಾರೀಖನ್ನು ಕಣ್ಣಾರೆ ನೋಡಿ ಕೆಲಸವನ್ನು ಒಪ್ಪಿಸಿದ್ದರು. ಅವರ ಮನೆಗೆ ಮೀಟರು ಕೂತು, ಆರ್.ಆರ್. ನಂಬರು ಬಂದು, ಮೊದಲ ಬಿಲ್ಲೂ ಕೈಸೇರಿದ್ದಿತು. “ಎಲ್ಲ ನನ್ನ ಪರಿಶೀಲನೆಯ ಫಲ” ಎಂದು ರಾಯರು ಮನಃಪೂರ್ವಕವಾಗಿ ಸಂತೋಷಪಟ್ಟರು. ಅನಂತರ ತಾವೂ ಆ ಮಿತಭಾಷಿಗಳನ್ನೇ ಕರೆಯಿಸಿ, ಏರಿದ ಹೊಸ ದರಕ್ಕೆ ತುಟಿಪಿಟಕ್ಕೆನ್ನದೆ ಒಪ್ಪಿ, ನೆಟ್ಟ ಕಂಬವೊಂದನ್ನು ಕೀಳಿಸಿ ಮತ್ತೆ ನೆಡಿಸಿ, ಸಂಪರ್ಕವನ್ನು ಪಡೆದರು. ಇದ್ದಲಿನಲ್ಲಿ ಉಳಿಸಬಹುದಾಗಿದ್ದ ಹಣವನ್ನೂ, ತಾತ್ಕಾಲಿಕ ಸಂಪರ್ಕಕ್ಕೆ ತಿಂಗಳುಗಟ್ಟಲೆ ತೆತ್ತ ಹಣವನ್ನೂ ಎದುರು ಬದುರಾಗಿ ಬರೆದು ಕೂಡಿ ಕಳೆಯುವ ಪುಟವೊಂದು ಮಾತ್ರ ಆ ಲೆಕ್ಕದ ಪುಸ್ತಕದಲ್ಲಿಲ್ಲ.

ದೀಪ ಬಂದಮೇಲೆ ರಾಯರು ಕೆಲವು ಕಾಲ ಮಂಕಾಗಿದ್ದುದು ನಿಜ. ಕಾಫಿಗೆ ಬರುವವರಿಲ್ಲ, ಊರು ಕೇಳಲು ಜನವಿಲ್ಲ. ಅವರ ಪುಣ್ಯವಶಾತ್, 2024ರಲ್ಲಿ ಆರಂಭವಾದ ಸೂರ್ಯಘರ್ ಯೋಜನೆಯ ಸುದ್ದಿ ಆ ಬೀದಿಗೂ ತಲಪಿತು. ಚಾವಣಿಯ ಮೇಲೆ 3 ಕಿಲೋವಾಟಿನ ಸೌರಫಲಕಗಳನ್ನು ಹಾಕಿಸಿಕೊಂಡವರಿಗೆ ಕೇಂದ್ರ ಸರ್ಕಾರ 78,000 ರೂಪಾಯಿಗಳ ಸಹಾಯಧನ ಕೊಡುತ್ತದೆಂದೂ, ಹಾಕುವ ಸಂಸ್ಥೆಯನ್ನು ಗ್ರಾಹಕನೇ ಆರಿಸಿಕೊಳ್ಳಬಹುದೆಂದೂ ಕೇಳಿದೊಡನೆ ರಾಯರ ಮುಖದಲ್ಲಿ ಕಳೆಯೇರಿ, ಹೊಸ ಪುಸ್ತಕಕ್ಕೆ ರಟ್ಟು ಹಾಕಿಸಿದರು. ಮನೆಯಾಕೆಯೂ ಈ ಬಾರಿ ಆಕ್ಷೇಪಿಸಲಿಲ್ಲ. “ಎಷ್ಟು ದಿನ ಬೇಕಾದರೂ ವಿಚಾರಿಸಲಿ ಬಿಡಿ,” ಎಂದರು ಅವರು, “ಸೂರ್ಯ ಕಾಯುವುದಕ್ಕೆ ಬಾಡಿಗೆ ಕೇಳೋದಿಲ್ಲ.”