ದಯವಿಟ್ಟು ಎಲ್ಲರೂ ಮ್ಯೂಟ್ ಮಾಡಿಕೊಳ್ಳಿ

ಕಿವುಡ ಮಕ್ಕಳ ಮೇಷ್ಟ್ರುಗಳಿಗೆ ಸನ್ನೆ ಭಾಷೆ ಕಲಿಸುವ ಆನ್‌ಲೈನ್ ತರಬೇತಿಯನ್ನು ಸುಮ್ಮನೆ ಕಲ್ಪಿಸಿಕೊಳ್ಳಿ. ಅಲ್ಲಿ ಮೊದಲು ಕೇಳಿಬರುವ ಮಾತು: "ಹಲೋ, ನನ್ನ ಧ್ವನಿ ಎಲ್ಲರಿಗೂ ಕೇಳಿಸ್ತಾ ಇದೆಯಾ?" ಕೇಳಿಸುತ್ತಿದೆ ಎಂದು ಪರದೆಯ ಮೇಲೆ ಸಾಲಾಗಿ ಹೆಬ್ಬೆರಳುಗಳು ಏಳುತ್ತವೆ. ಆ ದಿನಕ್ಕೆ ಕಲಿತ ಸನ್ನೆ ಅದೊಂದೇ. ಆಮೇಲೆ ಎಲ್ಲರೂ ಮ್ಯೂಟ್ ಆಗಬೇಕು, ಡೇಟಾ ಉಳಿಸಲು ಕ್ಯಾಮೆರಾನೂ ಬಂದ್ ಮಾಡಬೇಕು. ಕೈಯಲ್ಲಿ ಆಡುವ ಭಾಷೆಯನ್ನು ಕೈ ತೋರಿಸದೆ ಕಲಿಯುವ ಯೋಗಸಿದ್ಧಿ ಇದು.

ಕೊನೆಗೆ ಪರೀಕ್ಷೆ. ಪ್ರಶ್ನೆಗೆ ನಾಲ್ಕು ಆಯ್ಕೆ, ಒಂದು ಕ್ಲಿಕ್, ಇಮೇಲಿಗೆ ಪ್ರಮಾಣಪತ್ರ. ನಮ್ಮ ಹೊಸೂರು ಬಳಿಯ ಮತ್ತಿಗಿರಿಯ ಜಾನುವಾರು ಫಾರ್ಮ್ 1824ರಷ್ಟು ಹಳೆಯದು. ಇಷ್ಟು ಕಾಲದಲ್ಲಿ ಅಲ್ಲಿ ಯಾರೂ ಟಿಕ್ ಹಾಕಿ ಹಾಲು ಕರೆಯಲು ಕಲಿತಿರಲಾರರು. ಹಸು ಒದೆಯುತ್ತದೆ. ಮಕ್ಕಳು ಪಾಪ, ಒದೆಯುವುದಿಲ್ಲ.

ಸಾಮಗ್ರಿಗೇನೂ ಬರವಿಲ್ಲ. 2015ರಲ್ಲಿ ದೆಹಲಿಯಲ್ಲಿ ಹುಟ್ಟಿದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2018ರಲ್ಲಿ 3,000 ಪದಗಳ ವಿಡಿಯೊ ನಿಘಂಟು ತಂದಿತು, 2021ಕ್ಕೆ ಅದು 10,000 ಆಯಿತು. 2022ರಲ್ಲಿ 'ಸೈನ್ ಲರ್ನ್' ಆ್ಯಪ್ ಬಂತು, 2024ರ ಡಿಸೆಂಬರಿನಲ್ಲಿ ಸನ್ನೆ ಭಾಷೆಗೆಂದೇ ಪಿಎಂ ಇ-ವಿದ್ಯಾದ 31ನೇ ಟಿವಿ ಚಾನೆಲ್. ಮರೆತ ಪದವನ್ನು ರಾತ್ರಿ ಹತ್ತಕ್ಕೂ ತೋರಿಸುವ ನಿಘಂಟು ಮೇಷ್ಟ್ರ ಜೇಬಿನಲ್ಲಿರುವುದು ಸಣ್ಣ ಸಂಗತಿಯಲ್ಲ, ಒಪ್ಪುತ್ತೇನೆ. ಆದರೆ ಈ ಭಾಷೆಯ ವ್ಯಾಕರಣ ಬೆರಳಲ್ಲಷ್ಟೇ ಇಲ್ಲ, ಹುಬ್ಬಿನಲ್ಲೂ ಕತ್ತಿನಲ್ಲೂ ಇದೆ. ನಿಮ್ಮ ಹುಬ್ಬು ತಪ್ಪು ಜಾಗದಲ್ಲಿ ಏರಿದರೆ ನಿಘಂಟು ತಿದ್ದುವುದಿಲ್ಲ. ಕಿವುಡ ಗುರುವಾದರೆ ಮೊದಲು ನಗುತ್ತಾರೆ, ಆಮೇಲೆ ತಿದ್ದುತ್ತಾರೆ.

ಅಂಥ ಗುರುವಿಗೆ ಕಾನೂನಿನಲ್ಲಿ ಜಾಗವೂ ಉಂಟು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಕಲಮು, ಸನ್ನೆ ಭಾಷೆ ಮತ್ತು ಬ್ರೈಲ್ ಬಲ್ಲ ಅಂಗವಿಕಲ ಶಿಕ್ಷಕರನ್ನೂ ಸೇರಿಸಿ, ಶಿಕ್ಷಕರಿಗೆ ತರಬೇತಿ ಕೊಡಿ ಮತ್ತು ನೇಮಿಸಿ ಎನ್ನುತ್ತದೆ. ಸನ್ನೆ ಭಾಷೆ ಕಲಿಸುವುದನ್ನೇ ಕಿವುಡರಿಗೆ ಹೇಳಿಕೊಡುವ ಡಿಪ್ಲೊಮಾ ಕೂಡ ಇದೆ. ತರಬೇತಿಗೆ ಲಿಂಕ್ ಕಳಿಸುವುದು ಸುಲಭ. ನೇಮಕಾತಿಗೆ ಸಂಬಳ ಕೊಡಬೇಕಲ್ಲ!

ಕಿವುಡರನ್ನು ಹೊರಗಿಟ್ಟು ಕಿವುಡರ ಉದ್ಧಾರ ಮಾಡುವುದು ಹಳೆಯ ಚಾಳಿ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಶಿಕ್ಷಣತಜ್ಞರು, ಶಾಲೆಯಲ್ಲಿ ಸನ್ನೆ ಬೇಡ, ಮಕ್ಕಳು ತುಟಿ ಓದಿ ಮಾತು ಕಲಿಯಲಿ ಎಂದು ಮತ ಹಾಕಿದರು. ಹಾಕಿದವರು ಬಹುತೇಕ ಕಿವಿ ಕೇಳುವವರೇ. ಆದದ್ದಕ್ಕೆ ವಿಷಾದವೆನ್ನಲು 2010ರ ವ್ಯಾಂಕೂವರ್ ಸಮ್ಮೇಳನದವರೆಗೆ ಕಾಯಬೇಕಾಯಿತು.

ಹೊಸೂರು ಸೀಮೆಯವರಿಗೆ ಭಾಷೆಯ ಜಗಳವೇನು ಹೊಸದೆ? ಶಾಲೆಗಳಲ್ಲಿ ತಮಿಳನ್ನು ಕಡ್ಡಾಯ ಮಾಡಿದ ತಮಿಳುನಾಡಿನ 2006ರ ತಮಿಳು ಕಲಿಕಾ ಕಾಯ್ದೆ ಬಂದಾಗಿನಿಂದ ಕನ್ನಡ ಶಾಲೆಗಳ ಅಳಲು ಕೇಳುತ್ತಲೇ ಇದ್ದೇವೆ. ಇಲ್ಲಿ ಕನ್ನಡಕ್ಕೆ, ತಮಿಳಿಗೆ, ತೆಲುಗಿಗೆ, ಉರ್ದುವಿಗೆ ದನಿಯೆತ್ತುವವರುಂಟು. ಸನ್ನೆ ಭಾಷೆಯಲ್ಲಿ ಊರೂರಿಗೆ ಒಂದೆರಡು ಪದ ಬದಲಾದೀತು, ಅತ್ತಿಬೆಲೆಯ ಗಡಿ ದಾಟಿದ ಮಾತ್ರಕ್ಕೆ ವ್ಯಾಕರಣ ಬದಲಾಗದು. ಗಡಿಯೇ ಇಲ್ಲದ ಭಾಷೆಗೆ ಬಂದ್ ಕರೆ ಕೊಡುವುದಾದರೂ ಹೇಗೆ? ಸಂವಿಧಾನದ ಎಂಟನೇ ಪರಿಚ್ಛೇದದಲ್ಲೂ ಅದಕ್ಕೆ ಜಾಗವಿಲ್ಲ.

ಮುಂದಿನ ಸಲ ಕಿವುಡರೊಬ್ಬರನ್ನೇ ಸಂಪನ್ಮೂಲ ವ್ಯಕ್ತಿಯಾಗಿ ಕರೆಯಬಾರದೇಕೆ ಎಂದು ಕೇಳಿನೋಡಿ. ದುಭಾಷಿಯನ್ನು ಯಾರು ತರುವುದು, ಅವರ ಗೌರವಧನ ಯಾವ ಲೆಕ್ಕಕ್ಕೆ ಎಂದು ತಕರಾರುಗಳು ಸಾಲಾಗಿ ಬರುತ್ತವೆ. ಎಲ್ಲಕ್ಕಿಂತ ದೊಡ್ಡ ತಕರಾರು ಬೇರೆಯೇ ಇದೆ: ಮೈಕಿಗೆ ಆಗಲೇ ಬಾಡಿಗೆ ಕಟ್ಟಿಯಾಗಿದೆ.